ಆರನೇ ನಂಬರಿನ ಕೋಶಗಳು

ಆ ಸಂಶೋಧನಾಲಯಕ್ಕೆ ಹೊಸದಾಗಿ ಸೇರಿದವರೆಲ್ಲ ಮೊದಲ ವಾರದಲ್ಲಿ ಒಂದೇ ತಪ್ಪು ಮಾಡುತ್ತಿದ್ದರು. ಮಧ್ಯಾಹ್ನ ಹಸಿವಾದಾಗ 'ಊಟದಕ್ಕ ಎರಡನೇ ಮಹಡಿಯಲ್ಲಿರ್ತಾರೆ' ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಬಿಸಿಬಿಸಿ ಏನಾದರೂ ಸಿಕ್ಕೀತೆಂದು ಮೆಟ್ಟಿಲು ಹತ್ತಿ, ಕೊನೆಯ ಕೋಣೆಯ ಗಾಜಿನ ಬಾಗಿಲ ಮುಂದೆ ಪೆಚ್ಚುಮೋರೆ ಹಾಕಿಕೊಂಡು ನಿಲ್ಲುತ್ತಿದ್ದರು. ಒಳಗೆ ನೀಲಿ ನಿಲುವಂಗಿ, ಕೈಗವಸು, ಮುಖಗವಸು ತೊಟ್ಟ ಹೆಂಗಸೊಬ್ಬಳು ಗಾಳಿ ಶುದ್ಧ ಮಾಡುವ ಪೆಟ್ಟಿಗೆಯೊಳಗೆ ಎರಡೂ ಕೈ ತೂರಿಸಿ ಕೂತಿರುತ್ತಿದ್ದಳು. ಅವಳು ಊಟ ಹಾಕುತ್ತಿದ್ದದ್ದು ನಿಜವೇ. ಆದರೆ ಮನುಷ್ಯರಿಗಲ್ಲ, ಮನುಷ್ಯರ ಜೀವಕೋಶಗಳಿಗೆ.

ಹತ್ತೊಂಬತ್ತು ವರ್ಷದ ಕೆಳಗೆ ಅವಳು ಅಲ್ಲಿಗೆ ಗಾಜಿನ ಸಾಮಾನು ತೊಳೆಯಲು ಬಂದವಳು. ಅವಳು ತೊಳೆದಿಟ್ಟ ಸೀಸೆಯಲ್ಲಿ ಸಾಬೂನಿನ ವಾಸನೆಯೂ ಉಳಿಯುತ್ತಿರಲಿಲ್ಲ. ಆಗ ಕೋಶಗಳನ್ನು ನೋಡಿಕೊಳ್ಳುತ್ತಿದ್ದ ಮುದುಕ ನಿವೃತ್ತನಾಗುವ ಮುಂಚೆ, 'ಈ ಹೆಂಗಸಿನ ಕೈ ಚೆನ್ನಾಗಿದೆ, ಇವಳಿಗೇ ಕಲಿಸ್ತೀನಿ' ಎಂದು ಹಟ ಹಿಡಿದು ಕಲಿಸಿ ಹೋದ. ಅಂದಿನಿಂದ ಆ ಕೋಣೆ ಅವಳದೇ ಆಯಿತು.

ಕೆಲಸ ನೋಡಲು ಸಣ್ಣದು. ಅಂಗೈಯಗಲದ ಚಪ್ಪಟೆ ಪ್ಲಾಸ್ಟಿಕ್ ಸೀಸೆ, ಅದರ ತಳದಲ್ಲಿ ತೆಳ್ಳಗೆ ಗುಲಾಬಿ ಬಣ್ಣದ ಪೋಷಕ ದ್ರವ, ಆ ದ್ರವದಡಿ ಬರಿಗಣ್ಣಿಗೆ ಕಾಣದಂತೆ ಅಂಟಿಕೊಂಡ ಕೋಶಗಳು. ಮೂವತ್ತೇಳು ಡಿಗ್ರಿ ಬೆಚ್ಚಗಿನ ಪೆಟ್ಟಿಗೆಯಲ್ಲಿ ಅವುಗಳ ವಾಸ. ಎರಡು ದಿನಕ್ಕೊಮ್ಮೆ ಹಳೆಯ ದ್ರವ ಹೀರಿ ಹೊಸದನ್ನು ಹಾಕಬೇಕು. ಸೀಸೆಯ ತಳ ತುಂಬಿತೆಂದರೆ ಕೋಶಗಳನ್ನು ಮೆಲ್ಲಗೆ ಬಿಡಿಸಿ, ಎಣಿಸಿ, ಎರಡು ಸೀಸೆಗೆ ಹಂಚಬೇಕು. ಹಾಗೆ ಒಮ್ಮೆ ಹಂಚಿದರೆ ನೋಟುಪುಸ್ತಕದಲ್ಲಿ ಒಂದು ಗೆರೆ. ಅಂದರೆ ಈ ಕೋಶಗಳು ಒಂದು ಸಲ ಇಮ್ಮಡಿಯಾದವು ಎಂದರ್ಥ. ಮೈಚರ್ಮದಿಂದ ತೆಗೆದ ಕೋಶಗಳು ಮೂವತ್ತು, ನಲವತ್ತು ಸಲ ಹೀಗೆ ಇಮ್ಮಡಿಯಾಗಿ, ಆಮೇಲೆ ಒಂದು ದಿನ ನಿಂತುಬಿಡುತ್ತವೆ. ಸಾಯುವುದಿಲ್ಲ, ಬರೀ ನಿಲ್ಲುತ್ತವೆ. ಮೈ ಹರವಿಕೊಂಡು, ನೆಲಕ್ಕೆ ಬಿದ್ದ ಮೇಣದ ಹನಿಯಂತೆ ಚಪ್ಪಟೆಯಾಗಿ, ಉಣಿಸಿದ್ದನ್ನು ಉಂಡುಕೊಂಡು ತಿಂಗಳುಗಟ್ಟಲೆ ಹಾಗೇ ಇರುತ್ತವೆ.

ಊಟದಕ್ಕ ಅವುಗಳ ಜೊತೆ ಮಾತಾಡುತ್ತಿದ್ದಳು. 'ಏನಮ್ಮಾ, ಇವತ್ತು ಜಾಗ ಸಾಲ್ತಾ ಇಲ್ವಾ?' 'ನೀನ್ಯಾಕೋ ಮೂಲೆ ಹಿಡಿದಿದ್ದೀಯ?' ಮೊದಮೊದಲು ನಕ್ಕವರೂ ಕ್ರಮೇಣ ಸುಮ್ಮನಾದರು. ಯಾಕೆಂದರೆ ಬೇರೆಯವರ ಸೀಸೆಗಳಲ್ಲಿ ವರ್ಷಕ್ಕೆರಡು ಸಲ ಬೂಸ್ಟು ಹಿಡಿದರೆ ಅವಳ ಸೀಸೆಗಳಿಗೆ ಹಿಡಿದ ನೆನಪೇ ಯಾರಿಗೂ ಇರಲಿಲ್ಲ.

ಆ ವಿಭಾಗದ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಅವರು ಆಳು ಕುಳ್ಳಗೆ. ಮೇಜಿನ ಮೇಲಿನ ಸೂಕ್ಷ್ಮದರ್ಶಕಕ್ಕೆ ಕಣ್ಣಿಡಬೇಕಾದರೆ ಕುರ್ಚಿಗೆ ದಪ್ಪ ಪುಸ್ತಕವೊಂದನ್ನು ಹಾಕಿಕೊಳ್ಳಬೇಕಿತ್ತು. ವರ್ಣತಂತುಗಳ ತುದಿ ಸವೆದಾಗ ತುಂಬಿಕೊಡುವ ಟೆಲೋಮರೇಸ್ ಎಂಬ ಕಿಣ್ವವನ್ನು ಕೋಶಗಳು ಹೇಗೆ ಹತೋಟಿಯಲ್ಲಿಡುತ್ತವೆ ಎಂಬುದೊಂದನ್ನೇ ಅವರು ಇಪ್ಪತ್ತಾರು ವರ್ಷದಿಂದ ಹಿಡಿದು ಕೂತಿದ್ದರು. ಹೊಸ ಅಧ್ಯಯನವೊಂದಕ್ಕೆ ಅವರಿಗೆ ಆರೋಗ್ಯವಂತರಾದ ಆರು ಜನರ ಚರ್ಮದ ಕೋಶಗಳು ಬೇಕಾಗಿದ್ದವು. ಐದು ಜನ ಸಿಕ್ಕಿದರು. ಆರನೆಯವನು ಸೂಜಿ ನೋಡಿದವನೇ ಕಾಲಿಗೆ ಬುದ್ಧಿ ಹೇಳಿದ.

"ನನ್ನದೇ ತಗೊಳ್ಳಿ ಮೇಡಂ. ಜ್ವರ ನೆಗಡಿ ಅಂತ ನಾನು ರಜಾ ಹಾಕಿದ್ದು ನಿಮಗೆ ನೆನಪಿದೆಯಾ?" ಎಂದಳು ಊಟದಕ್ಕ.

"ನೋವಾಗುತ್ತೆ ಅಕ್ಕ."

"ಊರವರ ಕೋಶಕ್ಕೆಲ್ಲಾ ಊಟ ಹಾಕಿದ್ದೀನಿ. ನನ್ನವೇನು ಪಾಪ ಮಾಡಿದ್ವು?"

ಎಡತೋಳಿನ ಒಳಭಾಗದಲ್ಲಿ ಮರಗಟ್ಟಿಸಿ, ಸಾಸಿವೆಕಾಳಿಗಿಂತ ತುಸು ದೊಡ್ಡ ಚೂರೊಂದನ್ನು ತೆಗೆದರು. ಹತ್ತು ದಿನದ ಮೇಲೆ ಆ ಚೂರಿನ ಅಂಚಿನಿಂದ ಕೋಶಗಳು ಒಂದೊಂದಾಗಿ ಹೊರಬಂದವು. ಅವಳು ಅವನ್ನು ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಸಾವಿರಾರು ಸಲ ನೋಡಿದ ಆಕಾರವೇ: ಉದ್ದಕ್ಕೆ ಎಳೆದಂಥ ತೆಳ್ಳನೆಯ ಮೈ, ನಡುವೆ ಮಬ್ಬಾದ ಗುಂಡು. ಆದರೆ ಇವು ಅವಳೇ. ಅವಳಿಲ್ಲಿ ಸ್ಟೂಲಿನ ಮೇಲೆ ಕೂತಿದ್ದಾಳೆ, ಅವಳಲ್ಲಿ ಗಾಜಿನಡಿ ಜಾಗ ಹುಡುಕಿಕೊಂಡು ನಡೆದಾಡುತ್ತಿದ್ದಾಳೆ. ಯಾರೂ ಕೇಳದಂತೆ ಮೆಲ್ಲಗೆ, "ನಾನು ಕಣ್ರೇ," ಎಂದಳು.

ದಾನಿಗಳ ಹೆಸರು ಸೀಸೆಯ ಮೇಲೆ ಬರೆಯುವಂತಿಲ್ಲ. ಅವಳ ಕೋಶಗಳಿಗೆ ಸಿಕ್ಕ ಗುರುತು ಆರು ಎಂಬ ಅಂಕಿ. ಆರನೇ ನಂಬರು ಯಾರೆಂದು ಗೊತ್ತಿದ್ದದ್ದು ದೊಡ್ಡ ಮೇಡಂಗೆ ಮತ್ತು ಅವಳಿಗೆ ಮಾತ್ರ.

ಇದೇ ಹೊತ್ತಿಗೆ ಮನೆಯಲ್ಲಿ ಬೇರೊಂದು ಶುರುವಾಗಿತ್ತು. ಅವಳ ತಮ್ಮ ಬಸ್ಸಿನ ಡ್ರೈವರು. ಇಪ್ಪತ್ತೆರಡಕ್ಕೇ ತಲೆಯೆಲ್ಲ ಬೆಳ್ಳಗಾದದ್ದರಿಂದ ಡಿಪೋದಲ್ಲಿ ಅವನನ್ನು ಬೆಳ್ಳಿ ಎಂದೇ ಕರೆಯುತ್ತಿದ್ದರು. ಮೂವತ್ತೆಂಟರ ಬೆಳ್ಳಿಗೆ ಎಪ್ಪತ್ತರ ಮುದುಕರು, 'ನಿಮ್ಮಂಥ ವಯಸ್ಸಾದವರ ಕೈಲಿ ಇನ್ನೂ ಬಸ್ ಓಡಿಸ್ತಾರಲ್ಲಪ್ಪಾ' ಎಂದು ಮರುಕ ತೋರಿಸಿ ಇಳಿಯುತ್ತಿದ್ದರಂತೆ. ಅವನು ಅದನ್ನು ಉಪ್ಪುಖಾರ ಹಚ್ಚಿ ಹೇಳಿ ಮನೆಮಂದಿಯನ್ನು ನಗಿಸುತ್ತಿದ್ದ. ಅವರ ಮನೆಯಲ್ಲಿ ಕೂದಲು ಬೇಗ ಹಣ್ಣಾಗುವುದು ಹೊಸದಲ್ಲ. ಅಪ್ಪನಿಗೂ ಹಾಗೇ ಇತ್ತು. ಊಟದಕ್ಕನೂ ಇಪ್ಪತ್ನಾಲ್ಕರಿಂದ ತಿಂಗಳಿಗೊಮ್ಮೆ ಬಣ್ಣ ಹಚ್ಚಿಕೊಂಡೇ ಬಂದವಳು. ಅದು ಅವಳಿಗೂ ಬಚ್ಚಲುಮನೆಯ ಕನ್ನಡಿಗೂ ಮಾತ್ರ ಗೊತ್ತಿದ್ದ ವಿಷಯ.

ಬೆಳ್ಳಿಯ ತೋಳಿನ ಮೇಲೆ ಏನೂ ತಾಗದೆಯೇ ನೀಲಿ ಕಲೆಗಳು ಏಳತೊಡಗಿದವು. ಹಲ್ಲುಜ್ಜಿದರೆ ವಸಡಿನಿಂದ ರಕ್ತ. ಡಿಪೋದ ಹದಿನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು. ಆಸ್ಪತ್ರೆಯಲ್ಲಿ ರಕ್ತದ ಡಾಕ್ಟರು ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ನೋಡಿ, ಮುಚ್ಚುಮರೆಯಿಲ್ಲದೆ ಹೇಳಿದರು. "ರಕ್ತ ತಯಾರಾಗೋ ಜಾಗ ಹೆಚ್ಚುಕಮ್ಮಿ ಖಾಲಿಯಾಗಿದೆ. ಕೆಂಪು, ಬಿಳಿ, ಹೆಪ್ಪುಗಟ್ಟಿಸೋ ಕಣ, ಮೂರೂ ಕಮ್ಮಿ. ಒಡಹುಟ್ಟಿದವರ ಮಜ್ಜೆ ಹೊಂದಿದರೆ ಹಾಕಬಹುದು."

ಒಡಹುಟ್ಟಿದವಳು ಒಬ್ಬಳೇ. ಪರೀಕ್ಷೆ ಮಾಡಿದರು. ಎಲ್ಲಾ ಗುರುತೂ ಅಚ್ಚುಹಾಕಿದಂತೆ ಹೊಂದಿತು. ಡಾಕ್ಟರು ಎಂಟು ವಾರ ಬಿಟ್ಟು ದಿನ ಗೊತ್ತುಮಾಡಿದರು. ಅಲ್ಲಿಯವರೆಗೆ ಹದಿನೈದು ದಿನಕ್ಕೊಮ್ಮೆ ಬೇರೆಯವರ ರಕ್ತ ಏರಿಸಿಕೊಂಡು ಕಾಲ ನೂಕಬೇಕು.

ಊಟದಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಚಿಕ್ಕವನಿದ್ದಾಗ ನನ್ನ ಪೆನ್ಸಿಲ್ ಎಲ್ಲಾ ಕದ್ದ. ಈಗ ಮಜ್ಜೇನೂ ಬೇಕಂತೆ ಇವನಿಗೆ," ಎಂದು ಅಮ್ಮನೆದುರು ಹುಸಿಮುನಿಸು ತೋರಿದಳು.

"ನನಗೆ ಹೆದರಿಕೆ ಅದಲ್ಲಕ್ಕ," ಎಂದ ಬೆಳ್ಳಿ ಹಾಸಿಗೆಯಿಂದಲೇ. "ನಿನ್ನ ಮಜ್ಜೆ ಬಂದ ಮೇಲೆ ನಾನೂ ನಿನ್ನ ಹಾಗೆ ದಿನವಿಡೀ ಬೈತಾ ಓಡಾಡಿದ್ರೆ ಏನು ಗತಿ ಅಂತ."

ಆ ವಾರವೇ ಆರನೇ ನಂಬರಿನ ಕೋಶಗಳು ನಿಂತವು.

ಇಪ್ಪತ್ತೊಂದನೇ ಗೆರೆ ಎಳೆದು ನಾಲ್ಕು ದಿನವಾಗಿತ್ತು. ಐದು, ಆರು, ಏಳು ದಿನವಾಯಿತು. ಸೀಸೆಯ ತಳ ತುಂಬಲೇ ಇಲ್ಲ. ಕಣ್ಣಿಟ್ಟು ನೋಡಿದರೆ ಎಲ್ಲವೂ ಮೈ ಹರವಿಕೊಂಡು ಚಪ್ಪಟೆಯಾಗಿ ಮಲಗಿವೆ. ಪಕ್ಕದ ಸೀಸೆಯ ನಾಲ್ಕನೇ ನಂಬರು ಅವಳಿಗಿಂತ ಹತ್ತು ವರ್ಷ ದೊಡ್ಡವರದು. ಅವು ಇಪ್ಪತ್ತೆಂಟು ದಾಟಿ ಇನ್ನೂ ನಳನಳಿಸುತ್ತಿದ್ದವು.

ದೊಡ್ಡ ಮೇಡಂ ನೋಟುಪುಸ್ತಕವನ್ನು ಹಿಂದೆಮುಂದೆ ತಿರುಗಿಸಿದರು. "ಅಕ್ಕ, ತಪ್ಪು ತಿಳೀಬೇಡಿ. ಮನೇಲಿ ತಮ್ಮನಿಗೆ ಹುಷಾರಿಲ್ಲ, ನಿಮಗೂ ಓಡಾಟ ಜಾಸ್ತಿ. ಈ ಸೀಸೆನ ಎಲ್ಲಾದ್ರೂ ಹೊರಗೆ ಮರೆತು ಇಟ್ಟಿದ್ರಾ? ಬಿಡಿಸೋ ದ್ರವ ಜಾಸ್ತಿ ಹೊತ್ತು ಬಿಟ್ಟಿದ್ರಾ?"

ಹತ್ತೊಂಬತ್ತು ವರ್ಷದಲ್ಲಿ ಅವಳ ಕೈಯ ಬಗ್ಗೆ ಯಾರೂ ಹೀಗೆ ಕೇಳಿರಲಿಲ್ಲ. ಅವಳ ಮುಖ ಕೆಂಪೇರಿತು. ನೋಟುಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡಳು. ಆಮೇಲೆ ಅಂದಳು. "ಇಲ್ಲ ಮೇಡಂ. ಆದರೆ ನನ್ನ ಬಾಯಿಮಾತು ನಂಬಬೇಡಿ. ಹತ್ತನೇ ಗೆರೆಯಲ್ಲಿ ಹೆಪ್ಪುಗಟ್ಟಿಸಿ ಇಟ್ಟ ಕೋಶ ಇದೆ. ಆರನ್ನೂ ನಾಲ್ಕನ್ನೂ ಜೊತೆಗೇ ತೆಗೀತೀನಿ. ಒಂದೇ ದ್ರವ, ಒಂದೇ ಪೆಟ್ಟಿಗೆ, ಒಂದೇ ಕೈ. ಕೈ ಕೆಟ್ಟಿದ್ರೆ ಎರಡೂ ಕೆಡಬೇಕಲ್ಲ?"

"ಮಾಡಿ," ಎಂದರು ಮೇಡಂ.

ಐದು ವಾರ ಅವಳು ಆ ಎರಡು ಸೀಸೆಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ದ್ರವವನ್ನು ಒಂದೇ ಬಾಟಲಿಯಿಂದ ಅಳೆದು ಹಾಕಿದಳು. ಎಣಿಕೆಯನ್ನು ಮೂರು ಮೂರು ಸಲ ಮಾಡಿದಳು. ಹದಿನೆಂಟು ದಾಟಿತು, ಹತ್ತೊಂಬತ್ತು ದಾಟಿತು. ನಾಲ್ಕನೇ ನಂಬರು ತನ್ನ ಪಾಡಿಗೆ ತಾನು ಬೆಳೆಯುತ್ತಿತ್ತು. ಆರನೇ ನಂಬರು ಇಪ್ಪತ್ತೊಂದಕ್ಕೆ ಬಂದು, ಮತ್ತೆ ಅಲ್ಲೇ ನಿಂತಿತು.

ತನ್ನ ಕೈ ತಪ್ಪಿರಲಿಲ್ಲ ಎಂಬ ಸಮಾಧಾನ ಅವಳಿಗೆ ಒಂದು ನಿಮಿಷವೂ ಉಳಿಯಲಿಲ್ಲ. ತಪ್ಪು ಕೈಯಲ್ಲಿಲ್ಲದಿದ್ದರೆ ಕೋಶದಲ್ಲಿರಬೇಕು. ಕೋಶ ಅವಳದು.

ಮೇಡಂ ತಾವೇ ಕೂತು ಆ ಕೋಶಗಳ ವರ್ಣತಂತುಗಳ ತುದಿ ಅಳೆದರು. ಮೂರನೇ ದಿನ ಅವಳನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು. ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಗೋಡೆಯಗಲದ ಬಿಳಿ ಹಲಗೆ.

"ಅಕ್ಕ, ನಿಮ್ಮ ತುದಿಗಳು ತುಂಬಾ ಗಿಡ್ಡ ಇವೆ. ನಿಮ್ಮ ವಯಸ್ಸಿಗೆ ಇರಬೇಕಾದ್ದಕ್ಕಿಂತ ತೀರಾ ಕಮ್ಮಿ. ಒಂದು ಮಾತು ಕೇಳ್ತೀನಿ. ಮನೇಲಿ ಯಾರಿಗಾದ್ರೂ ಚಿಕ್ಕ ವಯಸ್ಸಿಗೇ ಕೂದಲು ಬೆಳ್ಳಗಾಗಿದೆಯಾ?"

ಊಟದಕ್ಕನ ಕೈ ತನಗೆ ತಾನೇ ತಲೆಗೆ ಹೋಯಿತು. "ಇದು ಬಣ್ಣ ಮೇಡಂ," ಎಂದಳು ತಗ್ಗಿದ ದನಿಯಲ್ಲಿ. "ತಮ್ಮನಿಗೂ ಹಾಗೇ. ಅಪ್ಪನಿಗೂ."

"ಅಪ್ಪ ಹೇಗೆ ತೀರಿಕೊಂಡ್ರು?"

"ಶ್ವಾಸಕೋಶ ಗಟ್ಟಿಯಾಗಿ. ಮರ ಕೊಯ್ಯೋ ಮಿಲ್ಲಲ್ಲಿದ್ರು. ಧೂಳು ಕುಡಿದೂ ಕುಡಿದೂ ಹಾಗಾಯ್ತು ಅಂತ ಎಲ್ಲರೂ ಅಂದ್ರು. ಐವತ್ತೂ ತುಂಬಿರಲಿಲ್ಲ."

"ತಮ್ಮನಿಗೆ ಏನಾಗಿದೆ ಅಂದಿದ್ರಿ?"

"ಮಜ್ಜೆ ಬರಿದಾಗಿದೆ. ಮುಂದಿನ ಸೋಮವಾರ ನಾನು ಕೊಡೋದು…"

ಮಾತು ಅರ್ಧಕ್ಕೇ ನಿಂತಿತು. ಮೇಡಂ ಮುಖದ ಬಣ್ಣವೇ ಬದಲಾದದ್ದು ಅವಳಿಗೆ ಕಂಡಿತು.

"ಅಕ್ಕ, ಇಲ್ಲಿ ಅಳೆದದ್ದು ಸಂಶೋಧನೆಗೆ. ಇದನ್ನಿಟ್ಕೊಂಡು ನಾನು ರೋಗ ಹೇಳೋ ಹಾಗಿಲ್ಲ. ಆಸ್ಪತ್ರೆಯವರೇ ನಿಮ್ಮಿಬ್ಬರ ರಕ್ತ ತಗೊಂಡು ಹೊಸದಾಗಿ ಪರೀಕ್ಷೆ ಮಾಡಬೇಕು. ಆದರೆ ಸೋಮವಾರದ್ದು ಮುಂದಕ್ಕೆ ಹಾಕ್ಲೇಬೇಕು. ನೀವು ಒಪ್ಪಿದ್ರೆ ಈಗಲೇ ಆ ಡಾಕ್ಟರಿಗೆ ಫೋನ್ ಮಾಡ್ತೀನಿ."

ಅವಳು ತಲೆಯಾಡಿಸಿದಳು.

ಮೂರು ವಾರದ ಮೇಲೆ ಫಲಿತಾಂಶ ಬಂತು. ಟೆಲೋಮರೇಸ್ ಕಿಣ್ವವನ್ನು ಮಾಡುವ ಜೀನಿನ ಎರಡು ಪ್ರತಿ ಎಲ್ಲರಲ್ಲೂ ಇರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಅಕ್ಕ ತಮ್ಮ ಇಬ್ಬರಲ್ಲೂ ಅಪ್ಪನಿಂದ ಬಂದ ಪ್ರತಿಯಲ್ಲಿ ಒಂದೇ ಒಂದು ಅಕ್ಷರ ತಪ್ಪಿತ್ತು. ಆ ಪ್ರತಿಯಿಂದ ತಯಾರಾದ ಕಿಣ್ವ ಕೆಲಸಕ್ಕೆ ಬಾರದು. ಇದ್ದದ್ದರಲ್ಲಿ ಅರ್ಧ ಮಾತ್ರ ಸರಿ.

"ನಿಮ್ಮ ಮಜ್ಜೆ ಹಾಕಿದ್ದಿದ್ರೆ," ಎಂದರು ರಕ್ತದ ಡಾಕ್ಟರು, "ಅದೂ ಬೇಗ ಬಸವಳಿದುಬಿಡೋದು. ಅದಕ್ಕೆ ಮುಂಚೆ ಕೊಡೋ ಬಲವಾದ ಔಷಧಿ ಇವರ ಶ್ವಾಸಕೋಶ ಸುಟ್ಟುಬಿಡೋದು. ಯಾರೋ ಪುಣ್ಯಾತ್ಮರು ಸರಿಯಾದ ಹೊತ್ತಿಗೆ ನೋಡಿದ್ರು."

ಆ ಪುಣ್ಯಾತ್ಮರಲ್ಲೊಬ್ಬಳಾದ ಊಟದಕ್ಕ ಕುರ್ಚಿಯಲ್ಲಿ ಕುಗ್ಗಿ ಕೂತಿದ್ದಳು. ತಮ್ಮನನ್ನು ಉಳಿಸುವವಳು ತಾನೆಂದು ಎಂಟು ವಾರ ಬೀಗಿದ್ದಳಲ್ಲ, ಈಗ ಅವನ ಕಾಯಿಲೆಯೇ ತನ್ನೊಳಗೂ ಇದೆ. ಮರುದಿನ ಕೆಲಸಕ್ಕೆ ಬಂದಾಗಲೂ ಮುಖ ಸಪ್ಪಗಿತ್ತು. "ಕೊಡೋಕೆ ನನ್ನ ಹತ್ರ ಏನೂ ಇಲ್ವಲ್ಲ ಮೇಡಂ," ಎಂದಳು. "ಅರ್ಧ ಇದ್ರೆ ಸಾಲಲ್ವಾ? ಎರಡು ಮೂತ್ರಪಿಂಡದಲ್ಲಿ ಒಂದು ಕೊಟ್ಟವರು ಓಡಾಡ್ಕೊಂಡಿಲ್ವಾ?"

ಮೇಡಂ ಬಿಳಿ ಹಲಗೆಯ ಹತ್ತಿರ ಹೋಗಿ ಇದ್ದದ್ದನ್ನೆಲ್ಲ ಒರೆಸಿದರು.

"ಒಂದು ಕೋಶದಲ್ಲಿ ನಲವತ್ತಾರು ವರ್ಣತಂತು. ಒಂದೊಂದಕ್ಕೆ ಎರಡು ತುದಿ. ಒಟ್ಟು ತೊಂಬತ್ತೆರಡು. ಕೋಶ ಇಬ್ಭಾಗ ಆದಾಗಲೆಲ್ಲ ತುದಿ ಒಂಚೂರು ಸವೆಯುತ್ತೆ. ತೀರಾ ಸವೆದರೆ ಕೋಶ ನಿಂತುಬಿಡುತ್ತೆ."

"ಅದು ನೋಡಿದ್ದೀನಲ್ಲ."

"ಸವೆದದ್ದನ್ನ ಮತ್ತೆ ಸೇರಿಸೋದು ಈ ಕಿಣ್ವ. ಈಗ ಕೇಳಿ. ಇದು ಎಲ್ಲೆಂದರಲ್ಲಿ ಇರಲ್ಲ. ನಾವು ತಾಯಿ ಹೊಟ್ಟೇಲಿರೋವಾಗ್ಲೇ, ಚರ್ಮದಲ್ಲಿ, ಸ್ನಾಯುವಲ್ಲಿ, ಹೆಚ್ಚಿನ ಕಡೆಯೆಲ್ಲ ದೇಹ ಅದರ ಜೀನ್ ಮುಚ್ಚಿಬಿಡುತ್ತೆ. ಮಜ್ಜೆಯ ಮೂಲಕೋಶ, ಕರುಳಿನ ಒಳಪದರ, ಇಂಥ ಕೆಲವೇ ಜಾಗದಲ್ಲಿ ಚೂರು ತೆರೆದಿಟ್ಟಿರುತ್ತೆ. ಯಾಕಂದ್ರೆ ಅವು ಜೀವ ಇರೋವರೆಗೂ ಹೊಸ ಕೋಶ ಮಾಡ್ತಾನೇ ಇರಬೇಕು."

"ಮತ್ತೆ ನನ್ನ ಚರ್ಮದ ಕೋಶ ಯಾಕೆ ನಿಂತ್ವು? ಅಲ್ಲಿ ಯಾರಿಗೂ ಇರಲ್ಲ ಅಂದ್ರಲ್ಲ."

ಮೇಡಂ ನಕ್ಕರು. "ನನ್ನ ವಿದ್ಯಾರ್ಥಿಗಳು ಇದನ್ನ ಕೇಳೋಕೆ ಒಂದು ವರ್ಷ ತಗೋತಾರೆ. ಮುಚ್ಚೋಕೆ ಮುಂಚೆ ಒಂದಿಷ್ಟು ಉದ್ದ ಮಾಡಿಡಬೇಕಲ್ಲ? ಅಪ್ಪನಿಂದ ಬಂದದ್ದೇ ಗಿಡ್ಡ. ಹೊಟ್ಟೆಯಲ್ಲಿದ್ದಾಗ ಕಿಣ್ವನೂ ಅರ್ಧ. ನೀವು ಹುಟ್ಟೋವಾಗ್ಲೇ ಗಿಡ್ಡ ತುದಿ ಹಿಡ್ಕೊಂಡು ಬಂದ್ರಿ."

"ಸರಿ, ತೆರೆದಿರೋ ಕಡೆ ಎಷ್ಟಿರುತ್ತೆ?"

"ಕೋಶದಲ್ಲಿ ಬೇರೆ ಪ್ರೋಟೀನುಗಳು ಲಕ್ಷಗಟ್ಟಲೆ, ಕೋಟಿಗಟ್ಟಲೆ ಇರ್ತವೆ. ಇದು ಕೆಲವು ನೂರು ಇದ್ರೆ ಹೆಚ್ಚು. ತುದಿಗಳೇ ತೊಂಬತ್ತೆರಡು, ಇಬ್ಭಾಗ ಆಗೋ ಹೊತ್ತಿಗೆ ಅದರ ಎರಡರಷ್ಟು. ಈಗ ಹೇಳಿ, ಅರ್ಧ ಸಾಕಾ?"

ಊಟದಕ್ಕ ಮನಸ್ಸಲ್ಲೇ ಲೆಕ್ಕ ಹಾಕಿದಳು. ಒಂದು ಹನಿಯ ಐವತ್ತರಲ್ಲೊಂದು ಪಾಲನ್ನು ದಿನಕ್ಕೆ ನೂರು ಸಲ ಅಳೆಯುವವಳು ಅವಳು. ಅಳತೆಯ ಬಿಗಿ ಅವಳಿಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತು. ಆದರೆ ಇಡೀ ಮೈಯ ರಕ್ತ ಹೀಗೆ ಕೆಲವೇ ನೂರರ ಲೆಕ್ಕದ ಮೇಲೆ ನಿಂತಿದೆಯೆಂದು ಅವಳು ಕನಸಲ್ಲೂ ಎಣಿಸಿರಲಿಲ್ಲ.

"ಇಷ್ಟು ಜಿಪುಣತನ ಯಾಕೆ ಮೇಡಂ ದೇಹಕ್ಕೆ? ಧಾರಾಳವಾಗಿ ಕೊಟ್ಟಿದ್ರೆ ಏನು ಹೋಗ್ತಿತ್ತು?"

"ಜೀವ ಹೋಗ್ತಿತ್ತು. ಹತ್ತು ಕ್ಯಾನ್ಸರಿನಲ್ಲಿ ಒಂಬತ್ತು, ಮುಚ್ಚಿದ ಈ ಜೀನ್‌ನ ಕದ್ದು ತೆರೆದುಕೊಂಡೇ ಬೆಳೆಯೋದು. ಕಮ್ಮಿಯಾದ್ರೆ ರಕ್ತ ತಯಾರಾಗೋದು ನಿಲ್ಲುತ್ತೆ, ಜಾಸ್ತಿಯಾದ್ರೆ ಗೆಡ್ಡೆ ನಿಲ್ಲಲ್ಲ. ಅದಕ್ಕೇ ಒಂದು ಹತೋಟಿ ಸಾಲದು ಅಂತ ಹತ್ತು ಇಟ್ಟಿದೆ. ಕಿಣ್ವದ್ದು ಎರಡು ಮುಖ್ಯ ಭಾಗ, ಎರಡೂ ಬೇರೆ ಬೇರೆ ಕಡೆ ತಯಾರಾಗಿ ಒಂದನ್ನೊಂದು ಸೇರಬೇಕು. ಸೇರಿದ್ರೂ ಕೋಶ ಇಬ್ಭಾಗಕ್ಕೆ ಸಿದ್ಧ ಆಗೋ ಆ ಕೆಲವೇ ಗಂಟೆ ಬಿಟ್ಟು ಬೇರೆ ಹೊತ್ತಲ್ಲಿ ತುದಿ ಹತ್ತಿರ ಬರೋ ಹಾಗಿಲ್ಲ. ಬಂದ್ರೂ ತುದಿ ಮೇಲೆ ಕಾವಲು ಪ್ರೋಟೀನುಗಳು ಸಾಲಾಗಿ ಕೂತಿರ್ತವೆ. ತುದಿ ಉದ್ದ ಇದ್ರೆ ಕಾವಲು ಜಾಸ್ತಿ, ಕಿಣ್ವಕ್ಕೆ ಜಾಗ ಇಲ್ಲ. ತುದಿ ಗಿಡ್ಡ ಆದ್ರೆ ಕಾವಲೂ ಕಮ್ಮಿ, ಆಗ ಕಿಣ್ವ ಬಂದು ಕೂತು ಸೇರಿಸುತ್ತೆ. ಕರೆದುಕೊಂಡು ಬರೋದೂ ಆ ಕಾವಲುಗಾರರಲ್ಲೇ ಒಂದು."

"ಉದ್ದ ಎಷ್ಟಿದೆ ಅಂತ ಅಳೆಯೋರು ಯಾರು?"

"ಯಾರೂ ಇಲ್ಲ ಅಕ್ಕ. ಕೂರೋದು, ಏಳೋದು, ಮತ್ತೆ ಕೂರೋದು. ಅದರಲ್ಲೇ ಅಳತೆ ಆಗಿಹೋಗುತ್ತೆ."

ಊಟದಕ್ಕ ಬಹಳ ಹೊತ್ತು ಹಲಗೆಯನ್ನೇ ನೋಡುತ್ತ ಕೂತಳು. ಹೊರಗೆ ಯಾರೋ ತಳ್ಳುಗಾಡಿಯಲ್ಲಿ ಸೀಸೆಗಳನ್ನು ಗಲಗಲ ಸದ್ದು ಮಾಡುತ್ತ ಒಯ್ದರು. ಅವಳು ತನ್ನೆರಡು ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಈ ಕೈಯಲ್ಲಿ, ಈಗ, ಹೇಳುವವರು ಕೇಳುವವರು ಇಲ್ಲದೆ ಇದೆಲ್ಲ ನಡೆಯುತ್ತಿದೆ. ಅರ್ಧ ಬಂಡವಾಳದಲ್ಲೇ ನಲವತ್ನಾಲ್ಕು ವರ್ಷ ತನ್ನನ್ನು ನಡೆಸಿಕೊಂಡು ಬಂದಿವೆಯಲ್ಲ! ಇಷ್ಟು ದಿನ ತನ್ನ ಮೈಯಲ್ಲಿ ಏನೋ ಕೊರತೆಯಿದೆಯೆಂದು ಕುಗ್ಗಿದವಳಿಗೆ ಆ ಕೊರತೆಯಲ್ಲೇ ಇವು ಮಾಡಿದ ದುಡಿಮೆ ಕಂಡು ಕಣ್ಣು ತುಂಬಿ ಬಂತು.

ಮನೆಗೆ ಹೋಗಿ ಅಮ್ಮನಿಗೂ ಬೆಳ್ಳಿಗೂ ತನಗೆ ತಿಳಿದಷ್ಟು ತಿಳಿದ ಹಾಗೆ ಹೇಳಿದಳು. ಅಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡು, "ಧೂಳು ಧೂಳು ಅಂತ ಇಪ್ಪತ್ತು ವರ್ಷ ಆ ಮಿಲ್ಲಿನವರನ್ನ ಬೈದೆನಲ್ಲೇ," ಎಂದಳು.

"ಧೂಳೂ ಸೇರಿಕೊಂಡಿರುತ್ತಂತೆ ಅಮ್ಮ. ಬೈದದ್ದು ಪೂರ್ತಿ ದಂಡ ಆಗಿಲ್ಲ," ಎಂದಳು ಮಗಳು.

ಬೆಳ್ಳಿ ಮಾತ್ರ ಗಂಭೀರವಾಗಿ ಕೇಳಿದ. "ಹಾಗಾದ್ರೆ ನಿನಗೂ ನನ್ನ ಹಾಗೇ ಆಗುತ್ತಾ ಅಕ್ಕ?"

"ಆಗಬಹುದು, ಆಗದೆಯೂ ಇರಬಹುದು. ಶ್ವಾಸಕೋಶ ಹೇಗಿದೆ ಅಂತ ವರ್ಷಕ್ಕೊಂದು ಸಲ ಕೊಳವೆ ಊದಿಸಿ ನೋಡ್ತಾರಂತೆ. ಊದಿದರಾಯ್ತು."

ರಕ್ತದ ಡಾಕ್ಟರು ಬೇರೆ ದಾರಿ ಹಿಡಿದರು. ಗಂಡು ಹಾರ್ಮೋನಿನ ಜಾತಿಗೆ ಸೇರಿದ ಮಾತ್ರೆಯೊಂದನ್ನು ಬರೆದುಕೊಟ್ಟರು. "ಇದು ಹೊಸದಲ್ಲ, ಬಹಳ ಹಳೇ ಮಾತ್ರೆ. ಮುಚ್ಚಿರೋ ಕಡೆ ಇದು ತೆರೆಯಲ್ಲ. ಮಜ್ಜೆಯಲ್ಲಿ ತೆರೆದಿರೋ ಆ ಜೀನ್‌ಗೆ ಚೂರು ಚುರುಕು ಕೊಡುತ್ತೆ. ಕೆಲವರಿಗೆ ಹಿಡಿಯುತ್ತೆ, ಕೆಲವರಿಗೆ ಹಿಡಿಯಲ್ಲ. ಲಿವರ್ ಮೇಲೆ ಕಣ್ಣಿಟ್ಟಿರಬೇಕು. ಹಿಡೀದಿದ್ರೆ ಹೊರಗಿನವರ ಮಜ್ಜೆ ಹುಡುಕೋಣ, ಔಷಧಿ ಸೌಮ್ಯವಾಗಿ ಕೊಟ್ಟು ಹಾಕೋಣ."

ಒಂದು ತಿಂಗಳು ಏನೂ ಆಗಲಿಲ್ಲ. ಎರಡನೇ ತಿಂಗಳೂ ಹೆಚ್ಚೇನಿಲ್ಲ. ಬೆಳ್ಳಿ ಮಾತ್ರೆಯ ಪಟ್ಟಿಯನ್ನು ನೋಡಿ ಮೂಗು ಮುರಿಯತೊಡಗಿದ. ಮೂರನೇ ತಿಂಗಳ ಕೊನೆಗೆ ರಕ್ತ ಏರಿಸಲು ಹೋದಾಗ ದಾದಿ ಚೀಟಿ ನೋಡಿ, "ಇವತ್ತು ಬೇಡ, ಮುಂದಿನ ವಾರ ನೋಡೋಣ," ಎಂದು ವಾಪಸು ಕಳಿಸಿದಳು. ಮುಂದಿನ ವಾರವೂ ಬೇಕಾಗಲಿಲ್ಲ. ಐದನೇ ತಿಂಗಳಲ್ಲಿ ಅವನ ತೋಳಿನ ನೀಲಿ ಕಲೆಗಳು ಹಳದಿಯಾಗಿ ಮಾಸಿಹೋದವು. ತಮ್ಮನ ಹೆಂಡತಿ ಬಟ್ಟೆ ಒಗೆಯುವ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ದಿಂಬಿನ ಬಟ್ಟೆಯಲ್ಲಿ ರಕ್ತದ ಚುಕ್ಕೆ ಕಾಣದೆ ಮೂರು ವಾರವಾಯಿತೆಂದು ಮೊದಲು ಹೇಳಿದ್ದೇ ಅವಳು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಮೇಡಂ ಅಕ್ಕ ತಮ್ಮ ಇಬ್ಬರನ್ನೂ ನೆಲಮಹಡಿಯ ಕತ್ತಲುಕೋಣೆಗೆ ಕರೆದರು. ಅಲ್ಲಿ ಹೊಸ ಸೂಕ್ಷ್ಮದರ್ಶಕವೊಂದು ಬಂದಿತ್ತು. ಮೇಡಂ ಕಿಣ್ವಕ್ಕೂ ವರ್ಣತಂತುವಿನ ತುದಿಗಳಿಗೂ ಬೆಳಕು ಬೀರುವ ಗುರುತು ಅಂಟಿಸಿದ್ದರು. ಆ ಜೀನ್ ತೆರೆದಿರುವ ಜೀವಂತ ಕೋಶವೊಂದು ಪರದೆಯ ಮೇಲೆ ಮೂಡಿತು. ಕಪ್ಪು ಹಿನ್ನೆಲೆಯಲ್ಲಿ ಹಸಿರು ಚುಕ್ಕೆಗಳು ಅಲ್ಲಲ್ಲೇ ತುಯ್ಯುತ್ತಿದ್ದವು. ಅವು ತುದಿಗಳು. ಅವುಗಳ ನಡುವೆ ನೇರಳೆ ಚುಕ್ಕೆಗಳು ದಿಕ್ಕುದೆಸೆಯಿಲ್ಲದೆ ಸುಳಿದಾಡುತ್ತಿದ್ದವು.

"ಆ ನೇರಳೆ ಒಂದೊಂದೂ ಒಂದೊಂದು ಕಿಣ್ವ," ಎಂದರು ಮೇಡಂ.

ಅಕ್ಕ ತಮ್ಮ ಉಸಿರು ಬಿಗಿಹಿಡಿದು ನೋಡಿದರು. ನೇರಳೆ ಚುಕ್ಕೆಯೊಂದು ಹಸಿರನ್ನು ಮುಟ್ಟಿತು, ಬಿಟ್ಟುಹೋಯಿತು. ಇನ್ನೊಂದನ್ನು ಮುಟ್ಟಿತು, ಬಿಟ್ಟುಹೋಯಿತು. ಮತ್ತೊಂದು, ಮಗದೊಂದು. ಕ್ಷಣಕ್ಕೊಂದು ಕಡೆ ತಡವಿ ನೋಡುತ್ತ ತಿರುಗುತ್ತಿತ್ತು.

"ಇದೇನು ಮೇಡಂ, ಬಸ್ಸು ಬಂದ್ರೂ ಹತ್ತದೆ ಬೋರ್ಡು ನೋಡಿ ಹೋಗೋರ ಹಾಗೆ!" ಎಂದ ಬೆಳ್ಳಿ.

"ಸುಮ್ಮನೆ ನೋಡೋ," ಎಂದಳು ಅಕ್ಕ.

ಆಗ ಒಂದು ನೇರಳೆ ಚುಕ್ಕೆ ಒಂದು ಹಸಿರಿನ ಮೇಲೆ ನಿಂತಿತು. ನಿಂತದ್ದು ಮತ್ತೆ ಏಳಲಿಲ್ಲ. ಎರಡೂ ಕೂಡಿ ಬೆಳ್ಳಗೆ ಒಂದೇ ಚುಕ್ಕೆಯಾಗಿ ಮೆಲ್ಲಗೆ ತುಯ್ಯುತ್ತ ಉಳಿದವು. ಕೋಣೆಯಲ್ಲಿ ಯಂತ್ರದ ಸಣ್ಣ ಗುಂಯ್ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

"ಸೇರಿಸ್ತಾ ಇದೆಯಾ?" ಕೇಳಿದಳು ಊಟದಕ್ಕ, ಪಿಸುದನಿಯಲ್ಲಿ.

"ಇರಬೇಕು," ಎಂದರು ಮೇಡಂ. ಇಪ್ಪತ್ತಾರು ವರ್ಷ ಅದನ್ನೇ ಓದಿದವರೂ ಪಿಸುದನಿಯಲ್ಲೇ ಮಾತಾಡಿದರು.

ಬೆಳ್ಳಿ ಪರದೆಗೆ ಕೈಮುಗಿಯಲಿಲ್ಲ, ಆದರೆ ಕೂತಿದ್ದವನು ಯಾಕೋ ಎದ್ದು ನಿಂತ. ಗೇಟಿನ ಹತ್ತಿರ ಬಂದಾಗ ಅಂದ, "ಅಕ್ಕ, ನಾನು ಹದಿನೈದು ವರ್ಷ ಬಸ್ ಓಡಿಸಿದೆ. ಆ ಹೊತ್ತೆಲ್ಲಾ ಇವು ಒಳಗೆ ಹೀಗೆ ಓಡ್ತಾ ಇದ್ವಾ?"

"ಈಗಲೂ ಓಡ್ತಾ ಇವೆ."

"ಅರ್ಧದಷ್ಟೇ."

"ಅರ್ಧದಷ್ಟೇ," ಎಂದಳು ಅವಳು. "ಅದಕ್ಕೇ ನಿಂತಿಲ್ಲ ಪಾಪ."

ಅವನು ಹನ್ನೊಂದನೇ ತಿಂಗಳಲ್ಲಿ ಡಿಪೋಗೆ ಮರಳಿದ. ಮೊದಲು ವೇಳಾಪಟ್ಟಿ ಬರೆಯುವ ಮೇಜಿನ ಕೆಲಸ, ಆಮೇಲೆ ಹಗಲಿನ ಪಾಳಿಯಲ್ಲಿ ಬಸ್ಸು. ರಕ್ತ ಪೂರ್ತಿ ಎಲ್ಲರಂತೆ ಆಗಿಲ್ಲ. ಆದರೆ ಬೇರೆಯವರ ರಕ್ತ ಬೇಕಾಗದೆ ಈಗ ನಾಲ್ಕು ವರ್ಷ. ಮೂರು ತಿಂಗಳಿಗೊಮ್ಮೆ ಲಿವರ್ ಪರೀಕ್ಷೆ, ಅದಕ್ಕೊಂದಿಷ್ಟು ಗೊಣಗಾಟ ಇದ್ದೇ ಇದೆ. ಮಾತ್ರೆ ಎಷ್ಟು ಕಾಲ ಕೈಹಿಡಿಯುತ್ತದೋ ಡಾಕ್ಟರೂ ಹೇಳುವುದಿಲ್ಲ, ಅವನೂ ಕೇಳುವುದಿಲ್ಲ.

ಊಟದಕ್ಕನ ಶ್ವಾಸಕೋಶದ ಕೆಳಭಾಗದಲ್ಲಿ ಕಳೆದ ವರ್ಷ ತೆಳ್ಳನೆಯ ಗೆರೆಯೊಂದು ಕಂಡಿತು. ಅದು ಬೆಳೆಯುತ್ತಿದೆಯೋ ನಿಂತಿದೆಯೋ ಎಂದು ನೋಡುತ್ತಿದ್ದಾರೆ. ಅವಳು ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದಾಳೆ. ಮೊದಲ ದಿನ ಬೆಳ್ಳಗಿನ ತಲೆ ಹೊತ್ತು ಬಂದಾಗ ಇಡೀ ಮಹಡಿ ಕಣ್ಣುಬಾಯಿ ಬಿಟ್ಟು ನೋಡಿತ್ತು, ಎರಡನೇ ದಿನಕ್ಕೆ ರೂಢಿಯಾಯಿತು.

ಹೊಸದಾಗಿ ಬಂದವರಿಗೆ ಕೋಶ ಸಾಕುವುದನ್ನು ಈಗ ಅವಳೇ ಕಲಿಸುತ್ತಾಳೆ. ಪಾಠ ಶುರುಮಾಡುವ ಮೊದಲು ಅವರನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ, ಗಡಿಯಾರ ನೋಡಿ, ಹತ್ತು ನಿಮಿಷ ಏನೂ ಮಾಡದೆ ಸುಮ್ಮನೆ ನೋಡಲು ಹೇಳುತ್ತಾಳೆ. ಮೊನ್ನೆ ಒಬ್ಬಳು ನಾಲ್ಕನೇ ನಿಮಿಷಕ್ಕೇ ತಲೆಯೆತ್ತಿ, "ಏನೂ ಆಗ್ತಾ ಇಲ್ವಲ್ಲ ಅಕ್ಕ?" ಎಂದಳು.

"ಆಗ್ತಾ ಇದೆ ಕಣಮ್ಮ," ಎಂದಳು ಊಟದಕ್ಕ, ಅವಳ ಭುಜ ಮೆಲ್ಲಗೆ ಒತ್ತಿ. "ಇನ್ನೂ ಆರು ನಿಮಿಷ ಇದೆ, ನೋಡು."